ತೋಟದ ಬಂದೂಕು: ಬೆಳೆಗಾರರು ತಿಳಿದಿರಬೇಕಾದ ಕಾನೂನು



ಕೊಯ್ಲಿನ ಕಾಲ ಬಂತೆಂದರೆ ತೋಟದವನಿಗೆ ಎರಡು ಭಯ. ಒಂದು ಕಾಡುಹಂದಿಯದು, ಇನ್ನೊಂದು ಕಳ್ಳನದು. ಕಣದಲ್ಲಿ ಹರಡಿದ ಕಾಫಿಯನ್ನೂ ಮನೆಯಲ್ಲಿ ಪೇರಿಸಿದ ಅಡಿಕೆ ಮೂಟೆಯನ್ನೂ ರಾತ್ರಿಯೆಲ್ಲ ಕಾಯಬೇಕು. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ತೆಂಗಿನ ನಡುವೆ ಅಡಿಕೆ ಹಾಕಿದವರಿಗೂ ಮಲೆನಾಡಿನ ಕಾಫಿ ಬೆಳೆಗಾರರಿಗೂ ಈ ವಿಷಯದಲ್ಲಿ ಪಾಡು ಒಂದೇ. ಹೀಗಾಗಿ "ಒಂದು ನಾಡಬಂದೂಕು ಇಟ್ಟುಕೊಂಡರೆ ಏನು ತಪ್ಪು?" ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೈಸೆನ್ಸ್ ಇಲ್ಲದಿದ್ದರೆ ತಪ್ಪು, ಅದೂ ಜೈಲಿಗೆ ಕಳಿಸುವಂಥ ತಪ್ಪು.

ಕಾನೂನು ಯಾವುದು?

ಆಯುಧಗಳ ವಿಷಯ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದೆ. ನಮ್ಮ ರಾಜ್ಯದಲ್ಲೂ ನಡೆಯುವುದು 1959ರ ಆಯುಧ ಅಧಿನಿಯಮವೇ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 2019ರ ತಿದ್ದುಪಡಿಯಿಂದ ಶಿಕ್ಷೆಗಳು ಹೆಚ್ಚಾದವು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು.

"ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ, ನಮಗೇಕೆ?" ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಬ್ರಿಟಿಷರ ಕಾಲದ್ದು. ಈಗ ಅದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡಗಿನಲ್ಲಿ ತೋಟ ಮಾಡಿದ ಎಲ್ಲರಿಗೂ ಅದು ಸಲ್ಲುವುದಿಲ್ಲ; ಮಂಡ್ಯ ಜಿಲ್ಲೆಯ ನಮಗಂತೂ ಇಲ್ಲ.

ಆದರೆ ಬೆಳೆಗಾರನಿಗೆ ದಾರಿಯೇ ಇಲ್ಲವೆಂದಲ್ಲ. ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತನ್ನು ಕಾನೂನೇ ಹೇಳುತ್ತದೆ. ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕು. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನವಾಗುತ್ತದೆ.

ಶಿಕ್ಷೆ ಹೇಗೆ ಬೆಳೆಯುತ್ತದೆ?

ಲೈಸೆನ್ಸ್ ಇಲ್ಲದ ಬಂದೂಕು ಸುಮ್ಮನೆ ಅಟ್ಟದ ಮೇಲಿದ್ದರೂ ಶಿಕ್ಷೆ 2ರಿಂದ 5 ವರ್ಷ. ಅದನ್ನು ಬಳಸಿದರೆ 3ರಿಂದ 7 ವರ್ಷ. ಲೈಸೆನ್ಸ್ ಇಲ್ಲದೆ ಕುಲುಮೆಯಲ್ಲಿ ಬಂದೂಕು ಮಾಡಿ ಮಾರುವವನಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಮದುವೆ, ಹಬ್ಬದಲ್ಲಿ ಸಂಭ್ರಮಕ್ಕೆಂದು ಇತರರಿಗೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅದೇ ಬಂದೂಕು ಬೇರೆ ಅಪರಾಧದ ಜೊತೆ ಸೇರಿದರೆ ಮಾತೇ ಬೇರೆ. ದರೋಡೆಯಲ್ಲಿ ಮಾರಕ ಆಯುಧ ಬಳಸಿದವನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 311ನೇ ಕಲಮಿನಂತೆ 7 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಗಾಂಜಾದಂಥ ಮಾದಕ ವಸ್ತುಗಳ ಪ್ರಕರಣದಲ್ಲಿ ಆರೋಪಿ ಆಯುಧ ತೋರಿಸಿ ಬೆದರಿಸಿದ್ದರೆ, ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ವಿಧಿಸುವಾಗ ನ್ಯಾಯಾಲಯ ಅದನ್ನು ಗಮನಕ್ಕೆ ತೆಗೆದುಕೊಳ್ಳಬಹುದೆಂದು 1985ರ ಮಾದಕ ವಸ್ತು ಕಾಯಿದೆಯ 32-ಬಿ ಕಲಮು ಹೇಳುತ್ತದೆ. ಇದಲ್ಲದೆ ನಮ್ಮ ರಾಜ್ಯದ್ದೇ ಆದ 1985ರ ಗೂಂಡಾ ಕಾಯಿದೆ ಇದೆ. ಮಾದಕ ವಸ್ತು ಅಪರಾಧಿಗಳನ್ನೂ ಗೂಂಡಾಗಳನ್ನೂ ವಿಚಾರಣೆಗೆ ಮೊದಲೇ ಬಂಧನದಲ್ಲಿಡಲು ಅದು ಅವಕಾಶ ಕೊಡುತ್ತದೆ.

"ನಮಗೂ ಗಾಂಜಾಕ್ಕೂ ಏನು ಸಂಬಂಧ?" ಎನ್ನಬೇಡಿ. ಮಾದಕ ವಸ್ತು ಕಾಯಿದೆಯ 46ನೇ ಕಲಮಿನಂತೆ ತನ್ನ ಜಮೀನಿನಲ್ಲಿ ಗಾಂಜಾ ಗಿಡ ಇರುವುದು ತಿಳಿದ ಕೂಡಲೇ ಪೊಲೀಸರಿಗೆ ಹೇಳುವುದು ಜಮೀನುದಾರನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅವನೂ ಶಿಕ್ಷೆಗೆ ಗುರಿ. ತೋಟವನ್ನು ಗುತ್ತಿಗೆಗೆ ಕೊಟ್ಟವರು, ದೂರದ ಪಟ್ಟಣದಲ್ಲಿ ನೆಲೆಸಿದವರು ಇದನ್ನು ಮರೆಯಬಾರದು. ತಿಂಗಳಿಗೊಮ್ಮೆಯಾದರೂ ತೋಟದ ಮೂಲೆ ಮೂಲೆ ಸುತ್ತಿ ಬನ್ನಿ.

ಲೈಸೆನ್ಸ್ ಇದ್ದವರಿಗೂ ಮಿತಿ ಇದೆ

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯಂತೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ, ನವಿಲು ಮೊದಲನೆಯದರಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಕಳ್ಳನ ವಿಷಯದಲ್ಲೂ ಹಾಗೆಯೇ. ಗೊನೆ ಕದ್ದು ಓಡುವವನ ಮೇಲೆ ಗುಂಡು ಹಾರಿಸಿ ಕೊಂದರೆ ಆತ್ಮರಕ್ಷಣೆ ಎನಿಸದು. ಆಸ್ತಿ ಕಾಯಲು ಪ್ರಾಣ ತೆಗೆಯುವ ಹಕ್ಕು ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆಗೆ ಕನ್ನ ಹಾಕುವುದು, ಮನೆಗೆ ಬೆಂಕಿ ಇಡುವುದು ಮುಂತಾದ ಕೆಲವೇ ಸಂದರ್ಭಗಳಿಗೆ ಸೀಮಿತ.

ಸದಸ್ಯರು ಮಾಡಬೇಕಾದದ್ದು

1. ಕಾವಲಾಳಿನ ಕೈಗೆ ಬಂದೂಕು ಕೊಟ್ಟು ರಾತ್ರಿ ಮಲಗಬೇಡಿ. ನಿಮ್ಮ ಲಿಖಿತ ಒಪ್ಪಿಗೆಯಿಂದ ಬೇರೆಯವರು ಬಂದೂಕು ಒಯ್ಯಬಹುದಾದದ್ದು ರಿಪೇರಿಗೆ, ನವೀಕರಣಕ್ಕೆ ಅಥವಾ ನಿಮ್ಮ ಬಳಕೆಗೆ ತಂದುಕೊಡಲು ಮಾತ್ರ. ಬೇರೆಯವರು ಬಳಸುವ ಅಗತ್ಯವಿದ್ದರೆ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

2. ತಂದೆ ತೀರಿಕೊಂಡ ಮೇಲೆ ಅವರ ಹೆಸರಿನ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳಬೇಡಿ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲೋ ಜಮಾ ಮಾಡಿ, ರಸೀದಿ ಪಡೆದು, ನಿಮ್ಮ ಹೆಸರಿಗೆ ಅರ್ಜಿ ಹಾಕಿ.

3. ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಚುನಾವಣೆ ಕಾಲದಲ್ಲಿ ಜಮಾ ಮಾಡಲು ಆದೇಶ ಬಂದರೆ ಪಾಲಿಸಿ, ರಸೀದಿ ಜೋಪಾನವಾಗಿಡಿ.

4. ಲೈಸೆನ್ಸ್ ಇಲ್ಲದ ಹಳೆಯ ಬಂದೂಕು ಮನೆಯಲ್ಲಿದ್ದರೆ ಮುಚ್ಚಿಡಬೇಡಿ, ಮಾರಬೇಡಿ. ವಕೀಲರನ್ನು ಕಂಡು ಅವರ ಮೂಲಕವೇ ಠಾಣೆಗೆ ಒಪ್ಪಿಸುವ ದಾರಿ ನೋಡಿ.

5. ಹಂದಿಯಿಂದ ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಎರಡು ಎಕರೆ ತೋಟದ ಸಣ್ಣ ಬೆಳೆಗಾರನಿಗೆ ಒಂದು ಕ್ರಿಮಿನಲ್ ಮೊಕದ್ದಮೆ ಎಂದರೆ ವರ್ಷಗಟ್ಟಲೆ ಕೋರ್ಟು ಅಲೆದಾಟ, ವಕೀಲರ ಫೀಸು, ಕೊನೆಗೆ ಜಮೀನಿನ ಮೇಲೆ ಸಾಲ. ಬೆಳೆ ಕಾಯಲು ತಂದ ಬಂದೂಕು ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗದಿರಲಿ. ಸದಸ್ಯರು ಈ ಪುಟವನ್ನು ಮನೆಯ ಇತರರಿಗೂ ಕಾವಲಾಳುಗಳಿಗೂ ಓದಿ ಹೇಳಬೇಕೆಂದು ವಿನಂತಿಸುತ್ತೇವೆ.