ದ್ವೀಪದಲ್ಲಿ ಹಡಗಿನ ನಿಲುಗಡೆ: ಮಕ್ಕಳೊಂದಿಗರ ಪ್ರವಾಸ ಮತ್ತು ವ್ಯಾಪಾರ

ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಬರುವ ಕುಟುಂಬಗಳು ಗಾಡಿ ಬಿಟ್ಟು ಬೀಡು ಹೂಡುತ್ತವೆ. ಇಂದು ಕೊಳ್ಳದ ಆಟಿಕೆಯನ್ನು ನಾಳೆ ಕೊಳ್ಳಬಹುದು. ವಿಹಾರದ ಹಡಗು ನಿಲ್ಲುವ ದ್ವೀಪದ ವರ್ತಕನಿಗೆ ಆ ನಾಳೆ ಇಲ್ಲ.

ಲಕ್ಷದ್ವೀಪದ ಆಡಳಿತವು ಕೊಚ್ಚಿಯಿಂದ ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಿಗೆ ರೂಪಿಸಿದ ‘ಸಮುದ್ರಂ’ ಪ್ರವಾಸದ ಕ್ರಮವೆಂದರೆ ರಾತ್ರಿ ಹಡಗಿನಲ್ಲಿ, ಹಗಲು ದಡದಲ್ಲಿ. ಪ್ರವೇಶದ ಪರವಾನಗಿ ಮೊದಲೇ ಪಡೆದಿರಬೇಕು. ಹವಳದ ದಿಬ್ಬದ ಒಳಗೆ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಅಲೆಯ ಮೇಲೆ ಓಲಾಡುವ ಸಣ್ಣ ದೋಣಿಗೆ ಇಳಿಯಬೇಕು. ಎಳೆಯ ಮಕ್ಕಳುಳ್ಳವರಿಗೆ ದಿನದ ಕಠಿಣ ಘಟ್ಟ ಇದೇ. ಮಗುವನ್ನು ಹಿಡಿಯಲು ಕೈ ಖಾಲಿ ಇರಬೇಕಾದುದರಿಂದ ಹೆಚ್ಚಿನ ಸಾಮಾನು ಹಡಗಿನಲ್ಲೇ ಉಳಿಯುತ್ತದೆ. ಟೊಪ್ಪಿಗೆ, ಒಣಬಟ್ಟೆ, ಎಳನೀರು ದಡದಲ್ಲೇ ದೊರೆಯಬೇಕು. ನೆರಳಿಲ್ಲದ ಅಂಗಡಿಯ ಮುಂದೆ ಮಗು ಅತ್ತರೆ ಗಿರಾಕಿ ಹೊರಟನೆಂದೇ ಲೆಕ್ಕ.

ಮಕ್ಕಳು ಮರಳಿನಲ್ಲಿ ಆಯ್ದ ಬಿಳಿ ಹವಳದ ಚೂರನ್ನು ಊರಿಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹವಳಕ್ಕೂ ಇದೆ, ಉತ್ತರಿಸಬೇಕಾದವರು ತಂದೆತಾಯಿಗಳು. ನೆನಪಿಗೆ ಒಯ್ಯಲು ಬೇರೊಂದು ವಸ್ತು ಬೇಕಾಗುತ್ತದೆ. ಅದಕ್ಕೆ ಒಗ್ಗುವ ಸರಕು ಅಲ್ಲಿ ಹಳೆಯದೇ: ತೆಂಗಿನ ನಾರು. ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ನಾರು ಮಂಗಳೂರಿಗೆ ಬಂದು, ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಅದೇ ನಾರು ಮಗುವಿನ ಕೈಗೊಗ್ಗುವ ಗೊಂಬೆಯಾದರೆ ಸಂಜೆಯ ದೋಣಿ ಹೊರಡುವ ಮೊದಲೇ ಖರ್ಚಾದೀತು.