ನಿಮಗಿದು ಗೊತ್ತೆ? ಮುದ್ದೆಗೂ ಲೆಕ್ಕವಿದೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಸಕ್ಕರೆ ಕಾಯಿಲೆ ಅಂದ ಕೂಡಲೇ ಸಿಗುವ ಸಲಹೆ ಒಂದೇ: ‘ಅನ್ನ ಬಿಡಿ, ಮುದ್ದೆ ಉಣ್ಣಿ’. ಅರ್ಧ ಸರಿ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ. ಆದರೆ ಶರ್ಕರಪಿಷ್ಟ? ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ಅಂಥ ದೊಡ್ಡ ಅಂತರವೇನಲ್ಲ! ಎರಡು ದಪ್ಪ ಮುದ್ದೆ ನುಂಗಿ, ಮೇಲೊಂದಿಷ್ಟು ಅನ್ನಸಾರು ಉಂಡರೆ ಸಕ್ಕರೆ ಏರದೆ ಇರುತ್ತದೆಯೆ? ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಇನ್ನೂ ಬೇಗ ರಕ್ತಕ್ಕಿಳಿಯುತ್ತದೆ.

ಮುದ್ದೆ ಒಂದೇ ಇರಲಿ, ಅದೂ ಚಿಕ್ಕದು. ಜೊತೆಗೆ ಹುರುಳಿಕಾಳಿನ ಬಸ್ಸಾರು. ಬಸಿದ ಸೊಪ್ಪು, ಕಾಳಿನ ಪಲ್ಯ ತಟ್ಟೆಯ ಅರ್ಧ ತುಂಬಲಿ; ಅದನ್ನೇ ಮೊದಲು ತಿನ್ನಿ.

ಅನ್ನ ಬೇಕೇಬೇಕು ಎನ್ನುವವರಿಗೆ ಇದೇ ಸೀಮೆಯ ಕೊರಲೆ ಇದೆ. ಹುಣಸೆಮರದ ನೆರಳಲ್ಲೂ ಬೆಳೆಯುವ ಗಟ್ಟಿ ಸಿರಿಧಾನ್ಯ. ಪಾಲಿಶ್ ಮಾಡದ ಕೊರಲೆ ಅಕ್ಕಿಯನ್ನೇ ಕೊಳ್ಳಿ, ತವುಡು ಹೋದರೆ ನಾರೂ ಹೋಯಿತು. ಕೆಲವು ಗಂಟೆ ನೆನೆಸಿದರೆ ಮೆತ್ತಗೆ ಬೇಯುತ್ತದೆ. ಅಳತೆ ಇದಕ್ಕೂ ಉಂಟು.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಬಾರದು. ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಿ.