ಕಡತ ಕುಗ್ಗಲಿ, ಅಕ್ಷರ ಬದಲಾಗದಿರಲಿ

ತಲಕಾಡು ಎಂದೊಡನೆ ಮರಳಿನ ದಿಬ್ಬಗಳೂ ಅವುಗಳಲ್ಲಿ ಹೂತುಹೋದ ದೇವಾಲಯಗಳೂ ನೆನಪಾಗುತ್ತವೆ. ಗಂಗರ ರಾಜಧಾನಿಯಾಗಿದ್ದ ಈ ಊರಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು ಆ ಸಂಪುಟದಲ್ಲಿವೆ. ಕಾಗದ ಪುಡಿಯಾಗುವ ಮುನ್ನವೇ ಇಂಥ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸಿಕೊಳ್ಳಬೇಕು. ಆದರೆ ನೂರಾರು ಪುಟಗಳು ಒಂದೇ ಪುಟ್ಟ ಕಡತದಲ್ಲಿ ಅಡಗುವುದು ಹೇಗೆ?

ಪುಟದ ಲೆಕ್ಕ

ಸ್ಕ್ಯಾನರ್ ಪುಟವನ್ನು ಬಿಂದುಗಳಾಗಿ ಒಡೆಯುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಎ4 ಅಳತೆಯ ಹಾಳೆಯಲ್ಲಿ ಅಡ್ಡಲಾಗಿ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಬಿಂದುಗಳಿರುತ್ತವೆ. ಬಣ್ಣದ ಚಿತ್ರವಾದರೆ ಬಿಂದುವಿಗೆ 3 ಬೈಟ್. ಅಂದರೆ ಪುಟಕ್ಕೆ 26 ಮೆಗಾಬೈಟ್. ಅಚ್ಚಿನ ಅಕ್ಷರಗಳಿಗೆ ಕಪ್ಪು, ಬಿಳುಪು ಎರಡೇ ಸಾಕು. ಆಗ ಬಿಂದುವಿಗೆ ಒಂದೇ ಬಿಟ್. ಗಾತ್ರ 24ನೆಯ ಒಂದು ಭಾಗಕ್ಕೆ, ಸುಮಾರು 1.1 ಮೆಗಾಬೈಟಿಗೆ ಇಳಿಯುತ್ತದೆ.

ಪುಟದ ಬಹುಭಾಗ ಖಾಲಿ. 'ಬಿಳುಪು, ಬಿಳುಪು' ಎಂದು ಸಾವಿರ ಸಲ ಬರೆಯುವ ಬದಲು 'ಸಾವಿರ ಬಿಳುಪು' ಎಂದು ಒಮ್ಮೆ ಬರೆದರಾಯಿತು. ಫ್ಯಾಕ್ಸ್ ಯಂತ್ರಗಳಿಗಾಗಿ ರೂಪಿಸಿದ 'ಗ್ರೂಪ್ 4' ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಂದುಗಳ ಪ್ರತಿ ಸಾಲನ್ನು ಮೇಲಿನ ಸಾಲಿನೊಂದಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ದಾಖಲಿಸುತ್ತದೆ. ಒಂದು ಬಿಂದುವೂ ನಷ್ಟವಾಗುವುದಿಲ್ಲ. ಹೀಗೆ ಕುಗ್ಗಿಸಿದ ಅನೇಕ ಪುಟಗಳನ್ನು ಟಿಫ್ ಅಥವಾ ಪಿಡಿಎಫ್ ಕಡತದಲ್ಲಿ ಒಟ್ಟಿಗೆ ಇಡಬಹುದು.

ಅಚ್ಚುಮೊಳೆಯ ಉಪಾಯ

ಪುಟದಲ್ಲಿ 'ದ' ನೂರು ಸಲ ಬಂದಿದೆ ಎನ್ನೋಣ. ಅದರ ಆಕಾರವನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಅದು ಎಲ್ಲೆಲ್ಲಿ ಬರುತ್ತದೆ ಎಂಬುದನ್ನಷ್ಟೇ ಬರೆದಿಟ್ಟರೆ ಕಡತ ಮತ್ತಷ್ಟು ಕುಗ್ಗುತ್ತದೆ. 'ಜೆಬಿಗ್2' ವಿಧಾನದ ತಿರುಳು ಇದೇ. ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ 'ಡೆಜಾವು' ಕೂಡ ಇದನ್ನು ಬಳಸುತ್ತದೆ. ಜೊತೆಗೆ ಕಾಗದದ ಬಣ್ಣ, ಕಲೆಗಳನ್ನು ಬೇರೊಂದು ಪದರವಾಗಿ, ಕಡಿಮೆ ವಿವರದಲ್ಲಿ ಇಡುತ್ತದೆ.

ಅಪಾಯವೂ ಇಲ್ಲಿಯೇ ಇದೆ. ಒಂದನ್ನೊಂದು ಹೋಲುವ ಎರಡು ಆಕಾರಗಳನ್ನು ತಂತ್ರಾಂಶ ಒಂದೇ ಎಂದು ಭಾವಿಸಿದರೆ? 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅವರು, ಝೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡಿದ ದಾಖಲೆಗಳಲ್ಲಿ ಅಂಕಿಗಳೇ ಬದಲಾಗಿರುವುದನ್ನು ತೋರಿಸಿಕೊಟ್ಟರು; 6 ಇರಬೇಕಾದಲ್ಲಿ 8 ಬಂದಿತ್ತು. ಸಂಸ್ಥೆ ಆಮೇಲೆ ತಂತ್ರಾಂಶವನ್ನು ಸರಿಪಡಿಸಿತು. ಅಕ್ಷರ ಮಸುಕಾಗಿದ್ದರೆ ನಾವು ಅನುಮಾನಪಡುತ್ತೇವೆ. ಸ್ಪಷ್ಟವಾಗಿ ಕಾಣುವ ತಪ್ಪು ಅಕ್ಷರವನ್ನು ಯಾರು ಅನುಮಾನಿಸುತ್ತಾರೆ?

ಕನ್ನಡದಲ್ಲಿ 'ದ' ಮತ್ತು 'ಧ', 'ಬ' ಮತ್ತು 'ಭ' ಇವುಗಳ ನಡುವಿನ ಅಂತರ ಒಂದು ಸಣ್ಣ ಸೀಳು ಮಾತ್ರ. ೬ ಮತ್ತು ೯ ಕೂಡ ಒಂದನ್ನೊಂದು ಹೋಲುತ್ತವೆ. ಶಾಸನದ ಪಾಠದಲ್ಲಿ ಒಂದಂಕಿ ತಪ್ಪಿದರೆ ರಾಜನ ಕಾಲವೇ ತಪ್ಪಬಹುದು.

ಆದ್ದರಿಂದ ಶಾಲೆಯ ಹಳೆಯ ದಾಖಲೆಗಳನ್ನೋ ಊರಿನ ಇತಿಹಾಸವನ್ನೋ ಸ್ಕ್ಯಾನ್ ಮಾಡುವಾಗ ನಷ್ಟವಿಲ್ಲದ ವಿಧಾನವನ್ನೇ ಆರಿಸಿ. ಮೂಲ ಸ್ಕ್ಯಾನನ್ನು ಅಳಿಸದೆ ಬೇರೆಯಾಗಿ ಇಡಿ. ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸಬಹುದು: ಒಂದೇ ಪುಟವನ್ನು ಬಣ್ಣದಲ್ಲಿಯೂ ಕಪ್ಪು-ಬಿಳುಪಿನಲ್ಲಿಯೂ ಸ್ಕ್ಯಾನ್ ಮಾಡಿಸಿ, ಗಾತ್ರಗಳನ್ನು ಹೋಲಿಸಲಿ. ಬಳಿಕ ಒಂದೊಂದು ಸಾಲನ್ನೂ ಕಾಗದದೊಂದಿಗೆ ತಾಳೆ ನೋಡಲಿ.